ಭುಜದ ಮೇಲಿನ ಕೈ

ಮಾರ್ಚ್ 3, ಸೋಮವಾರ

ಬೆಳಗಾಗುತ್ತಲೇ ತಲೆನೋವು. ಮ್ಯೂಸಿಯಂನವರು ಹೆಣಭಾರದ ಮಖಮಲ್ಲಿನ ಪರದೆಯೊಂದನ್ನು ತಂದು ಅಂಗಡಿಯ ಮೇಜಿನ ಮೇಲೆ ಸುರಿದು ಹೋದರು. ಡ್ರೈ ಕ್ಲೀನ್ ಮಾಡಿ ಶನಿವಾರ ಕೊಡಬೇಕಂತೆ. ಎಷ್ಟೋ ಕಾಲದ ಧೂಳು, ಸಾಲದ್ದಕ್ಕೆ ಇಲಿ ಕಡಿದ ತೂತು. ಜೋರಾಗಿ ಉಜ್ಜಿದರೆ ಹರಿಯುತ್ತದೆ, ಉಜ್ಜದಿದ್ದರೆ ಕೊಳೆ ಬಿಡುವುದಿಲ್ಲ. ಇಸ್ತ್ರಿಯವನು ಅದನ್ನು ನೋಡಿ, ಅಕ್ಕಾ ಇದನ್ನು ಒಗೆಯುವುದಕ್ಕಿಂತ ಮಣ್ಣು ಮಾಡುವುದು ವಾಸಿ ಎಂದ. ಊರವರ ಬಟ್ಟೆಗೆಲ್ಲ ಇಸ್ತ್ರಿ ಮಾಡುತ್ತಾನೆ, ತನ್ನ ನಾಲಿಗೆಗೆ ಮಾತ್ರ ಮಾಡಿಕೊಂಡಿಲ್ಲ.

ಮಧ್ಯೆ ಮಧ್ಯೆ ಮೇಲಿನ ಮನೆಯಿಂದ ಚಿಕ್ಕಮ್ಮ ಕೋಲಿನಲ್ಲಿ ನೆಲ ಕುಟ್ಟುತ್ತಾರೆ. ಮೆಟ್ಟಿಲಿನಲ್ಲಿ ಜಾರಿ ಮಂಡಿ ಊದಿಸಿಕೊಂಡಾಗಿನಿಂದ ಇದೇ ನಮ್ಮ ಟೆಲಿಫೋನು. ಇನ್ನು ಮೇಲೆ ಮೆಟ್ಟಿಲು ಹತ್ತಿ ಇಳಿಯುವ ಮಾತೇ ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಹಾಗಾಗಿ ತಿಂಗಳ ಕೊನೆಯ ಭಾನುವಾರ ಅವರ ಅಕ್ಕನ ಮಗಳು ಬಂದು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳೆ. ಅವಳದು ನೆಲಮಟ್ಟದ ಮನೆ, ಗಾಳಿ ಬೆಳಕು ಚೆನ್ನಾಗಿದೆ. ಹೋಗುತ್ತೇನೆ ಎಂದವರು ಚಿಕ್ಕಮ್ಮನೇ. ನಾನು ಕಳಿಸುತ್ತಿಲ್ಲ, ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

ಅಪ್ಪ ತೀರಿಕೊಂಡ ಮೇಲೂ ನಾವಿಬ್ಬರು ಒಂದೇ ಸೂರಿನಡಿ ಇದ್ದದ್ದು ಬೇರೆ ದಾರಿ ಇಲ್ಲದೆ, ಪ್ರೀತಿ ಉಕ್ಕಿ ಅಲ್ಲ. ಅಮ್ಮ ಸತ್ತ ಮೇಲೆ ಅಪ್ಪನನ್ನು ಮದುವೆಯಾಗಿ ಬಂದವರು ಅವರು. ಹೊಡೆದವರಲ್ಲ, ಬೈದವರಲ್ಲ, ತಟ್ಟೆಗೆ ಕಡಿಮೆ ಬಡಿಸಿದವರೂ ಅಲ್ಲ. ಆದರೂ ಅಮ್ಮ ಅಮ್ಮನೇ. ಹೋಗಲಿ, ನನಗೂ ಐವತ್ತಾರಾಯಿತು, ಸ್ವಲ್ಪ ಕಾಲವಾದರೂ ಯಾರೂ ನೆಲ ಕುಟ್ಟದ ಮನೆಯಲ್ಲಿ ಇರುತ್ತೇನೆ.

ಮಾರ್ಚ್ 5, ಬುಧವಾರ

ಪರದೆಯ ಅಂಚಿಗೆ ರೇಷ್ಮೆ ಗೊಂಡೆಗಳಿವೆ. ಒಂದರ ಎಳೆ ಕಿತ್ತುಬಂದದ್ದಕ್ಕೆ ಯಾರೋ ಗಂಟು ಹಾಕಿದ್ದಾರೆ. ಬ್ರಷ್ ಮಾಡುವಾಗ ಆ ಗಂಟು ಬೆರಳಿಗೆ ತಾಗಿತು, ಇದನ್ನೆಲ್ಲೋ ನೋಡಿದ್ದೇನಲ್ಲ ಎನಿಸಿತು. ಕೆಲಸ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಹೋಗಿ ಗೋಡೆಯ ಫೋಟೋ ನೋಡಿದೆ. ಅದೇ ಗೊಂಡೆ, ಅದೇ ಗಂಟು.

ಅಪ್ಪ, ಅಮ್ಮ, ನಡುವೆ ನಾಲ್ಕು ವರ್ಷದ ನಾನು. ಅಮ್ಮ ಹೋಗುವುದಕ್ಕೆ ಒಂದು ತಿಂಗಳ ಮುಂಚೆ ಗಡಿಯಾರದ ಬೀದಿಯ ಸ್ಟುಡಿಯೋದಲ್ಲಿ ತೆಗೆಸಿದ್ದು ಎಂದು ಅಪ್ಪ ಹೇಳುತ್ತಿದ್ದರು. ಅಮ್ಮನ ಬಗ್ಗೆ ನನಗಿರುವ ನೆನಪು ಅದೊಂದೇ, ಆ ಸ್ಟುಡಿಯೋದ್ದು. ಕಣ್ಣಿಗೆ ಚುಚ್ಚುವ ದೀಪ, ಹಿಂದೆ ಪರದೆಯ ಹಳಸಲು ವಾಸನೆ. ನನಗೆ ಓಡಿಹೋಗಬೇಕು. ಆಗ ಅಮ್ಮ ನನ್ನ ಭುಜದ ಮೇಲೆ ಕೈಯಿಟ್ಟು, ಕತ್ತಿನ ಹಿಂದೆ ಕೂದಲಿನ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಸುತ್ತಸುತ್ತ ಸವರಿದಳು. ನಾನು ಸುಮ್ಮನೆ ನಿಂತೆ. ಅಷ್ಟೇ. ಮುಖ ನೆನಪಿಲ್ಲ, ಅದಕ್ಕೆ ಫೋಟೋ ಇದೆ. ಸವರಿದ್ದು ಮಾತ್ರ ಈಗಲೂ ಚರ್ಮಕ್ಕೆ ಗೊತ್ತು. ಜ್ವರ ಬಂದಾಗ, ಅಪ್ಪ ಹೋದಾಗ, ಮದುವೆ ಮುರಿದು ಮನೆಗೆ ವಾಪಸು ಬಂದಾಗ, ಅದನ್ನೇ ನೆನೆಸಿಕೊಂಡು ನಿದ್ದೆ ಮಾಡಿದ್ದೇನೆ.

ಪರದೆಗೆ ರೇಟು ಕಡಿಮೆ ಹಾಕಬೇಕು. ಎಷ್ಟೆಂದರೂ ಅಮ್ಮ ಒರಗಿ ನಿಂತ ಪರದೆ.

ಮಾರ್ಚ್ 8, ಶನಿವಾರ

ಏನು ಬರೆಯಲಿ? ಮೊದಲಿನಿಂದ ಬರೆಯುತ್ತೇನೆ, ಬರೆದರೆ ನನಗಾದರೂ ಅರ್ಥವಾದೀತು.

ಪರದೆಯನ್ನು ನಾನೇ ತಲುಪಿಸಲು ಹೋದೆ. ಆ ಸ್ಟುಡಿಯೋ ಮುಚ್ಚಿಹೋಗಿ, ಯಜಮಾನನ ಮೊಮ್ಮಗ ಈ ಪರದೆಯ ಜೊತೆ ಹಳೆಯ ನೆಗೆಟಿವ್‌ಗಳ ಪೆಟ್ಟಿಗೆಗಳನ್ನೆಲ್ಲ ಮ್ಯೂಸಿಯಂಗೆ ಕೊಟ್ಟಿದ್ದಾನೆ. ಅವರು ಅವನ್ನೆಲ್ಲ ಹೊಸದಾಗಿ ಪ್ರಿಂಟ್ ಮಾಡಿ ಒಂದು ಹಾಲಿನ ಗೋಡೆ ತುಂಬ ಹಚ್ಚಿದ್ದಾರೆ. ಮೇಲೆ ದೊಡ್ಡದಾಗಿ, ಇವರು ಯಾರು, ಗೊತ್ತಿದ್ದರೆ ಹೇಳಿ ಎಂದು ಬರೆದಿದೆ. ಅಲ್ಲಿ ಕೆಲಸ ಮಾಡುವ ಹುಡುಗಿ ಬಿಳಿ ಕೈಗವಸು ತೆಗೆಯುವುದೇ ಇಲ್ಲ. ಚಹಾವನ್ನೂ ಅದರಲ್ಲೇ ಕುಡಿಯುತ್ತಾಳೋ ಏನೋ.

ಊರಿನ ಅರ್ಧ ಜನ ಗೋಡೆಯ ಮೇಲಿದ್ದಾರೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ತಲೆ ತುಂಬ ಕೂದಲಿಟ್ಟುಕೊಂಡು ನಿಂತಿದ್ದನ್ನು ನೋಡಿ ಒಬ್ಬಳೇ ನಕ್ಕೆ. ಆಮೇಲೆ ಎರಡನೆಯ ಸಾಲಿನಲ್ಲಿ ನಾನೇ ಸಿಕ್ಕೆ. ಅದೇ ಫ್ರಾಕು, ಅದೇ ಗುಮ್ಮನಂಥ ಮುಖ. ಪಕ್ಕದಲ್ಲಿ ಅಪ್ಪ. ಈ ಕಡೆ ಪಕ್ಕದಲ್ಲಿ, ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು, ಚಿಕ್ಕಮ್ಮ.

ಕೈಗವಸಿನ ಹುಡುಗಿ, ನಿಮಗೆ ಗೊತ್ತಿರುವವರಾ ಎಂದು ಕೇಳಿದಳು. ಇಲ್ಲ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಪರದೆಯ ದುಡ್ಡು ಇಸಿದುಕೊಳ್ಳುವುದನ್ನೂ ಮರೆತು ಬಂದೆ.

ಮಾರ್ಚ್ 9, ಭಾನುವಾರ

ಬೆಳಿಗ್ಗೆಯೆಲ್ಲ ಸಮಾಧಾನ ಹೇಳಿಕೊಂಡೆ. ಎರಡು ಫೋಟೋ ಇದ್ದಿರಬೇಕು. ಅಮ್ಮನ ಜೊತೆ ಒಂದು, ಆಮೇಲೆ ಹೊಸ ಹೆಂಡತಿಯ ಜೊತೆ ಇನ್ನೊಂದು. ಆ ಕಾಲದ ಗಂಡಸರು ಅಷ್ಟು ಮಾಡದೆ ಇರುತ್ತಾರೆಯೇ?

ಮಧ್ಯಾಹ್ನ ತಡೆಯಲಾಗದೆ ಮತ್ತೆ ಹೋಗಿ, ಗೋಡೆಯ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು ತಂದು, ಮನೆಯ ಫೋಟೋವನ್ನು ಅಂಗಡಿಗೆ ಇಳಿಸಿಕೊಂಡು ಅದರ ಪಕ್ಕಕ್ಕಿಟ್ಟೆ. ಬಟ್ಟೆ ನೋಡುವುದೇ ನನ್ನ ಕಸುಬು. ಅಪ್ಪನ ಕೋಟಿನ ಎರಡನೆಯ ಗುಂಡಿಯಿಂದ ದಾರ ನೇತಾಡುತ್ತಿದೆ, ಎರಡರಲ್ಲೂ ಒಂದೇ ಕಡೆಗೆ ಸೊಟ್ಟಗೆ. ಹೆಂಗಸು ಹೊದ್ದ ಶಾಲು ಮೊಣಕೈ ಹತ್ತಿರ ಮಡಿಚಿಕೊಂಡಿದೆ, ಎರಡರಲ್ಲೂ ಅದೇ ಮಡಿಕೆ. ಮನುಷ್ಯರು ಎರಡು ಸಲ ಒಂದೇ ಥರ ನಿಲ್ಲಬಹುದು, ಬಟ್ಟೆ ಎರಡು ಸಲ ಒಂದೇ ಥರ ಮಡಿಚಿಕೊಳ್ಳುವುದಿಲ್ಲ. ನನ್ನ ಭುಜದ ಮೇಲಿನ ಕೈ ಕೂಡ ಒಂದೇ. ಬದಲಾಗಿರುವುದು ಕತ್ತಿನ ಮೇಲಿನದಷ್ಟೇ.

ಮೇಲೆ ಕೋಲು ಕುಟ್ಟಿದರು. ಹೋಗಲಿಲ್ಲ. ಮತ್ತೆ ಕುಟ್ಟಿದರು. ಬೀದಿಯಲ್ಲಿ ಹೋಗುತ್ತಿದ್ದ ಇಸ್ತ್ರಿಯವನ ಹೆಂಡತಿಯನ್ನು ಕರೆದು ಅವಳ ಕೈಯಲ್ಲಿ ನೀರು ಕಳಿಸಿದೆ.

ಮಾರ್ಚ್ 12, ಬುಧವಾರ

ಕೈಗವಸಿನ ಹುಡುಗಿಗೆ ನಿಜ ಹೇಳಿದೆ. ಅವಳಿಗೆ ಲಾಟರಿ ಹೊಡೆದಷ್ಟು ಖುಷಿ. ಒಳಗೆ ಕರೆದುಕೊಂಡು ಹೋಗಿ ದೀಪದ ಮೇಜಿನ ಮೇಲೆ ನೆಗೆಟಿವ್‌ಗಳನ್ನು ಇಟ್ಟು ತೋರಿಸಿದಳು. ಆ ಸ್ಟುಡಿಯೋದವನು ಇದರಲ್ಲಿ ಎತ್ತಿದ ಕೈಯಂತೆ. ಸತ್ತುಹೋದವರನ್ನು ಸಂಸಾರದ ಜೊತೆ ನಿಲ್ಲಿಸಿಕೊಡುತ್ತಿದ್ದನಂತೆ. ಬರೀ ಮುಖ ತಂದು ಅಂಟಿಸಿದರೆ ಗೊಂಬೆಯ ಹಾಗೆ ಕಾಣುತ್ತದೆ, ನೆರಳು ಬೆಳಕು ಕೂಡುವುದಿಲ್ಲ. ಅದಕ್ಕೇ ಸತ್ತವರ ಬಟ್ಟೆ ಹಾಕಿಸಿ, ಹೆಚ್ಚುಕಡಿಮೆ ಅದೇ ಮೈಕಟ್ಟಿನವರು ಯಾರನ್ನಾದರೂ ಅವರ ಜಾಗದಲ್ಲಿ ನಿಲ್ಲಿಸಿ ತೆಗೆದು, ಆಮೇಲೆ ಮುಖವನ್ನು ಮಾತ್ರ ಬದಲಿಸುತ್ತಿದ್ದ. ನಮ್ಮ ಅಂಗಡಿಯಲ್ಲಿ ತೂತಿಗೆ ಬೇರೆ ಬಟ್ಟೆಯ ತುಂಡು ಹಾಕಿ ಗೊತ್ತಾಗದಂತೆ ಹೊಲಿಯುವುದಿಲ್ಲವೇ, ಹಾಗೆ.

ಅಮ್ಮನ ಮುಖ ತೆಗೆದುಕೊಂಡ ಮೂಲ ಫೋಟೋ ಕೂಡ ಸಿಕ್ಕಿತು. ಅಮ್ಮ ಒಬ್ಬಳೇ ಕುರ್ಚಿಯ ಮೇಲೆ ಕುಳಿತಿದ್ದಾಳೆ. ಕಾಲು ಅಲ್ಲಾಡಿಸುತ್ತಿದ್ದಳೋ ಏನೋ, ಚಪ್ಪಲಿ ಮಸುಕಾಗಿದೆ. ನಾನು ಎಷ್ಟೋ ಹೊತ್ತು ನೋಡಿದೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಬಸ್ಸಿನಲ್ಲಿ ಎದುರಿಗೆ ಕುಳಿತ ಯಾರೋ ಚೆಂದದ ಹೆಂಗಸಿನ ಹಾಗೆ ಕಂಡಳು. ಸ್ವಂತ ತಾಯಿಯ ಫೋಟೋ ನೋಡಿ ಏನೂ ಆಗಲಿಲ್ಲವಲ್ಲ, ಇದೆಂಥ ಮಗಳು ನಾನು?

ಅಮ್ಮನದು, ಗೋಡೆಯದು, ನಮ್ಮ ಮನೆಯದು, ಮೂರನ್ನೂ ಒಟ್ಟಿಗೆ ಪ್ರದರ್ಶನಕ್ಕೆ ಇಡಬಹುದೇ ಎಂದು ಹುಡುಗಿ ಕೇಳಿದಳು. ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸುವುದಕ್ಕೆ ತಲೆ ನೆಟ್ಟಗಿರಬೇಕಲ್ಲ.

ಮಾರ್ಚ್ 13, ಗುರುವಾರ

ಕೋಪ. ಬೇರೆ ಏನೂ ಇಲ್ಲ. ನನ್ನ ಹತ್ತಿರ ಅಮ್ಮನದು ಎಂದು ಇದ್ದದ್ದು ಒಂದೇ ಒಂದು. ಭುಜದ ಮೇಲಿನ ಆ ಕೈ, ಅದೂ ಚಿಕ್ಕಮ್ಮನದಾಯಿತು.

ಮಾರ್ಚ್ 17, ಸೋಮವಾರ

ಯಾರದೋ ಬಿಳಿ ಕೋಟನ್ನು ನೀಲಿ ಬಟ್ಟೆಗಳ ಜೊತೆ ಮೆಶಿನ್ನಿಗೆ ಹಾಕಿಬಿಟ್ಟೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಇಸ್ತ್ರಿಯವನು ಬಾಯಿಬಿಟ್ಟು ಏನೂ ಹೇಳಲಿಲ್ಲ, ಅದಕ್ಕೇ ಭಯವಾಯಿತು.

ದಿನವಿಡೀ ಒಂದೇ ಲೆಕ್ಕಾಚಾರ. ಮಳೆಯಲ್ಲಿ ಯಾರೋ ನನ್ನನ್ನು ಶಾಲಿನೊಳಗೆ ಸುತ್ತಿಕೊಂಡು ಓಡಿದ್ದು ನೆನಪಿದೆ. ಅದನ್ನು ಅಪ್ಪ ಎಂದುಕೊಂಡಿದ್ದೆ. ಅಪ್ಪ ಶಾಲು ಹೊದೆಯುತ್ತಲೇ ಇರಲಿಲ್ಲ. ತಟ್ಟೆಯ ಅಂಚಿನಲ್ಲಿ ತುತ್ತುಗಳನ್ನು ಸಾಲಾಗಿ ಇಟ್ಟು, ಇದು ರೈಲು, ಒಂದೊಂದೇ ಡಬ್ಬಿ ಸುರಂಗಕ್ಕೆ ಹೋಗಲಿ ಎಂದವರು ಯಾರು? ಪಕ್ಕದ ಮನೆಯ ಅಜ್ಜಿ ಎಂದುಕೊಂಡಿದ್ದೆ. ಆ ಅಜ್ಜಿಗೆ ಕೈ ನಡುಕ, ತುತ್ತು ಸಾಲಾಗಿ ನಿಲ್ಲುವುದೇ ಸಾಧ್ಯವಿಲ್ಲ. ಹೀಗೆ ಒಂದೊಂದನ್ನೇ ಎತ್ತಿ ನೋಡಿದರೆ ಎಲ್ಲದರ ತಳದಲ್ಲೂ ಅದೇ ಮುಖ ಕಾಣಿಸುತ್ತದೆ. ಇದು ನಿಜವೋ, ಆ ಫೋಟೋ ನೋಡಿದ ಮೇಲೆ ನಾನೂ ಆ ಸ್ಟುಡಿಯೋದವನ ಹಾಗೆ ಮುಖ ಬದಲಿಸುತ್ತಿದ್ದೇನೋ? ದೇವರೇ ಬಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ವಾರಸುದಾರರಿಲ್ಲದ ಬಟ್ಟೆಯ ರಾಶಿ ಬಿದ್ದಿತ್ತು. ಇಲಿ ಕಾಟ. ಅರ್ಧ ಖಾಲಿ ಮಾಡಿಸಿದೆ.

ಮಾರ್ಚ್ 20, ಗುರುವಾರ

ಕೇಳಿಯೇಬಿಟ್ಟೆ. ಊಟದ ತಟ್ಟೆ ಕೊಡುತ್ತ, ಗಡಿಯಾರದ ಬೀದಿಯ ಸ್ಟುಡಿಯೋದಲ್ಲಿ ಅಮ್ಮನ ಜಾಗದಲ್ಲಿ ನಿಂತಿದ್ದವರು ನೀವಾ ಎಂದೆ. ಚಿಕ್ಕಮ್ಮ ತಟ್ಟೆಯನ್ನು ಪಕ್ಕಕ್ಕಿಟ್ಟರು. ಯಾರು ಹೇಳಿದ್ದು ಎಂದು ಕೇಳಲಿಲ್ಲ. ಮೊಬೈಲು ತೋರಿಸಿದೆ, ಕನ್ನಡಕ ಇಲ್ಲ ಎಂದು ತಳ್ಳಿದರು. ಕನ್ನಡಕ ಮೂಗಿನ ಮೇಲೇ ಇತ್ತು.

ಆಮೇಲೆ ತಾವಾಗಿಯೇ ಹೇಳಿದರು. ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲವಂತೆ. ಮಗು ಅಮ್ಮನ ಮುಖ ಮರೆಯಬಾರದು, ಜೊತೆಯಲ್ಲಿ ನಿಂತ ಒಂದು ಫೋಟೋ ಆದರೂ ಇರಬೇಕು ಎಂದು ಅಪ್ಪನಿಗೆ ಆಸೆ. ಸ್ಟುಡಿಯೋದವನು ಒಬ್ಬ ಹೆಂಗಸು ಬೇಕು ಎಂದ. ಅಪ್ಪ ಇವರನ್ನು ಕೇಳಲಾರದೆ ಮೂರು ಸಲ ಬಾಗಿಲವರೆಗೆ ಬಂದು ವಾಪಸು ಹೋದರಂತೆ. ಕೊನೆಗೆ ಇವರೇ ವಿಷಯ ತಿಳಿದು, ನಾನು ನಿಲ್ಲುತ್ತೇನೆ ಎಂದರಂತೆ.

"ಮುಖ ನಂದು ಬರಲ್ಲ ಅಂತ ಗೊತ್ತಿತ್ತು. ಆದ್ರೂ ಚೆನ್ನಾಗಿ ತಲೆ ಬಾಚ್ಕೊಂಡು ಹೋಗಿದ್ದೆ" ಎಂದರು.

ನನಗೆ ಎಲ್ಲಿಂದಲೋ ಸಿಟ್ಟು ಬಂತು. ಇಷ್ಟು ವರ್ಷ ನಾನು ಆ ಫೋಟೋ ಹಿಡಿದು ಅಮ್ಮ ಅಮ್ಮ ಎಂದು ಕೊಂಡಾಡುವಾಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಿರಲ್ಲ, ಒಂದು ಮಾತು ಹೇಳಲು ಏನಾಗಿತ್ತು ಎಂದು ಕೂಗಾಡಿದೆ.

"ಹೇಳಿದ್ರೆ ನಿನ್ನ ಹತ್ರ ಏನು ಉಳೀತಿತ್ತು?"

ಕೆಳಗೆ ಬಂದು ಅಂಗಡಿಯ ಬಾಗಿಲು ಹಾಕಿ ಕುಳಿತೆ. ಗಿರಾಕಿಗಳು ಬಂದು ಬಾಗಿಲು ತಟ್ಟಿ ಹೋದರು.

ಮಾರ್ಚ್ 22, ಶನಿವಾರ

ಚಿಕ್ಕಮ್ಮನಿಗೆ ಆ ಫೋಟೋವನ್ನು ದೊಡ್ಡದಾಗಿ ನೋಡಬೇಕಂತೆ. ಮಂಡಿ ಎಂದೆ, ಡಾಕ್ಟರು ಎಂದೆ, ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಕೊನೆಗೆ ನಾನೂ ಇಸ್ತ್ರಿಯವನೂ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದೆವು. ನಡುವೆ ಅವನು, ಅಜ್ಜೀ ನೀವು ಗಾಳಿ ತಿಂದು ಬದುಕುವವರು ಎಂದುಕೊಂಡಿದ್ದೆ, ಈಗ ಗೊತ್ತಾಯಿತು ಎಂದ. ಅವರು ನಕ್ಕ ರಭಸಕ್ಕೆ ಮೂವರೂ ಉರುಳುವುದೊಂದು ಬಾಕಿ.

ಮ್ಯೂಸಿಯಂನಲ್ಲಿ ಎರಡನೆಯ ಸಾಲಿನ ಎದುರಿಗೆ ಕುರ್ಚಿ ಹಾಕಿಸಿದೆ. ಅವರು ಈ ಫೋಟೋವನ್ನು ನೋಡಿಯೇ ಇರಲಿಲ್ಲ. ಸ್ಟುಡಿಯೋದವನು ಕೊಟ್ಟದ್ದು ಅಮ್ಮನ ಮುಖದ್ದು ಮಾತ್ರ. ಅದಕ್ಕೂ ಮುಂಚೆ ತವರಿನಲ್ಲಿ ಯಾರೂ ಫೋಟೋ ತೆಗೆಸಿದವರಲ್ಲ, ಆಮೇಲೆ ಇವರು ಕ್ಯಾಮೆರಾ ಕಂಡರೆ ಅಡುಗೆಮನೆಗೆ ಎದ್ದುಹೋಗುತ್ತಿದ್ದರು. ಒಟ್ಟಿನಲ್ಲಿ ಹರೆಯದ ತಮ್ಮ ಮುಖವನ್ನು ಕನ್ನಡಿಯ ಹೊರಗೆ ನೋಡಿದ್ದು ಇವತ್ತೇ.

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಇಷ್ಟು ಚಿಕ್ಕವಳಾ ನಾನು?" ಎಂದರು ಕೊನೆಗೆ. "ದೊಡ್ಡ ಹೆಂಗಸು ಅಂದ್ಕೊಂಡಿದ್ನಲ್ಲೇ. ಪಾಪ, ಯಾರಾದ್ರೂ ಆ ಹುಡುಗಿನ ಊಟ ಆಯ್ತಾ ಅಂತ ಕೇಳ್ಬೇಕಿತ್ತು."

ಆಗ ನಾನೂ ಸರಿಯಾಗಿ ನೋಡಿದೆ. ಹತ್ತೊಂಬತ್ತು ವರ್ಷ. ಅಮ್ಮನ ಶಾಲು ಅವಳಿಗೆ ದೊಡ್ಡದು, ಕುತ್ತಿಗೆಯ ಹತ್ತಿರ ಹಿಡಿಯಾಗಿ ಮುದುರಿದೆ. ಅವಳು ಕ್ಯಾಮೆರಾ ನೋಡುತ್ತಿಲ್ಲ. ತನ್ನ ಮುಖ ಹೇಗೂ ಉಳಿಯುವುದಿಲ್ಲ ಎಂದು ಗೊತ್ತಿದ್ದರಿಂದಲೋ ಏನೋ, ಕಣ್ಣು ಕೆಳಗೆ ನನ್ನ ತಲೆಯ ಮೇಲಿದೆ. ನಾನು ಎಲ್ಲಿ ಅಳುತ್ತೇನೋ ಎಂಬ ಗಾಬರಿ ಮುಖದ ತುಂಬ ಇದೆ.

ಪಕ್ಕಕ್ಕೆ ಇಟ್ಟಿದ್ದ ಅಮ್ಮನ ಫೋಟೋ ನೋಡಿ ಚಿಕ್ಕಮ್ಮ ಅತ್ತಳು. ಮಗಳಾದ ನನಗೆ ಬಾರದ ಅಳು ಅವಳಿಗೆ ಬಂತು. ಇವರನ್ನು ಒಂದು ಸಲವೂ ನೋಡಿರಲಿಲ್ಲ, ಇವರ ಬಟ್ಟೆ ಉಟ್ಟೆ, ಇವರ ಪಾತ್ರೆಯಲ್ಲಿ ಬೇಯಿಸಿದೆ, ಕೇಳಿದ್ದನ್ನೆಲ್ಲ ಬೇರೆಯವರಿಂದಲೇ ಕೇಳಿದ್ದು ಎಂದಳು. ಆಮೇಲೆ ಒಂದು ವಿಷಯ ಹೇಳಿದಳು. ಫೋಟೋದ ದಿನ ನಾನು ಒಂದು ಕ್ಷಣ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಮುಂಚೆಯೇ ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟಿದ್ದರಂತೆ, ಮಗು ಹಟ ಮಾಡಿದರೆ ಕತ್ತಿನ ಹಿಂದೆ ಹೆಬ್ಬೆರಳಿನಲ್ಲಿ ಸುತ್ತಸುತ್ತ ಸವರು, ಅವಳ ಅಮ್ಮ ಹಾಗೇ ಮಾಡುತ್ತಿದ್ದಳು ಎಂದು.

"ಕೈ ನಂದು ಕಣೇ. ಆದ್ರೆ ಸವರೋದು ಅವರದು" ಎಂದಳು.

ಅಲ್ಲೇ ನೆಲದ ಮೇಲೆ ಕುಳಿತೆ. ಹಾಗಾದರೆ ನಾನು ನೆನೆಸಿಕೊಂಡು ಮಲಗುತ್ತಿದ್ದದ್ದು ಯಾರನ್ನು? ಅಮ್ಮನನ್ನೋ, ಇವಳನ್ನೋ? ಅಮ್ಮ ಹೋದಳು ಎನ್ನಲೋ, ಸಿಕ್ಕಳು ಎನ್ನಲೋ? ತಲೆಬುಡ ತಿಳಿಯುತ್ತಿಲ್ಲ. ಬರೆದರೆ ಅರ್ಥವಾಗುತ್ತದೆ ಎಂದುಕೊಂಡಿದ್ದೆ, ಬರೆದ ಮೇಲೂ ಅಷ್ಟೇ.

ಮೂರೂ ಫೋಟೋ ಇಡಲಿ ಎಂದು ಚಿಕ್ಕಮ್ಮನೇ ಹುಡುಗಿಗೆ ಹೇಳಿದಳು. ನಾನು ಬೇಡ ಎನ್ನಲಿಲ್ಲ.

ಮಾರ್ಚ್ 24, ಸೋಮವಾರ

ಮ್ಯೂಸಿಯಂಗೆ ಹೋಗಿ ಬಂದದ್ದಕ್ಕೆ ಮಂಡಿ ಮತ್ತೆ ಊದಿದೆ, ಮೇಲೆ ಹತ್ತಿಸುವುದು ಆಗದ ಮಾತು. ಅಂಗಡಿಯ ಹಿಂದಿನ ಕೋಣೆ ಹೇಗೂ ಅರ್ಧ ಖಾಲಿ ಇತ್ತು, ಅಲ್ಲೇ ಮಂಚ ಹಾಕಿಸಿದೆ. ಭಾನುವಾರದವರೆಗೆ ಮಾತ್ರ. ಕಿಟಕಿಯ ಬಿಜಾಗರಿ ತುಕ್ಕು ಹಿಡಿದಿತ್ತು, ಬಡಗಿಯನ್ನು ಕರೆಸಿ ಸರಿ ಮಾಡಿಸಿದೆ. ಬಟ್ಟೆಗೂ ಗಾಳಿ ಬೇಕಲ್ಲ.

ಇಡೀ ದಿನ ಅಂಗಡಿಯ ವ್ಯವಹಾರದಲ್ಲಿ ಮೂಗು ತೂರಿಸುತ್ತಾಳೆ. ಗಿರಾಕಿಯೊಬ್ಬ ಕಲೆ ಹೋಗಿಲ್ಲ ಎಂದು ಜಗಳಕ್ಕೆ ಬಂದಾಗ ಒಳಗಿನಿಂದಲೇ, ಊಟ ಮಾಡುವಾಗ ಬಾಯಿಗೆ ಇಡಬೇಕಪ್ಪ, ಅಂಗಿಗೆ ಅಲ್ಲ ಎಂದಳು. ಅವನು ಮರುಮಾತಿಲ್ಲದೆ ಹೋದ. ನನಗೆ ನಗು ತಡೆಯಲಾಗಲಿಲ್ಲ. ಕೋಲು ಕುಟ್ಟುವುದು ನಿಂತಿದೆ, ಕೂಗಿದರೆ ಕೇಳಿಸುತ್ತದಲ್ಲ.

ಮಾರ್ಚ್ 27, ಗುರುವಾರ

ಅವಳ ಬಟ್ಟೆಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿಸಿ ಪೆಟ್ಟಿಗೆಗೆ ತುಂಬಿದೆ. ಅಕ್ಕನ ಮಗಳ ಮನೆಯಲ್ಲಿ ಎಲ್ಲ ಅನುಕೂಲ ಇದೆ. ಕೂಡಿಸಿ ಕಳೆದು ನೋಡಿದರೆ ಹೋಗುವುದೇ ಸರಿ. ಇದನ್ನು ಬೆಳಿಗ್ಗೆಯಿಂದ ಎಷ್ಟು ಸಲ ಹೇಳಿಕೊಂಡೆನೋ. ಊಟ ಸೇರಲಿಲ್ಲ.

ಮಾರ್ಚ್ 30, ಭಾನುವಾರ

ಅಕ್ಕನ ಮಗಳು ಹೇಳಿದ ಹೊತ್ತಿಗೆ ಕಾರು ತಂದಳು. ಒಳ್ಳೆಯ ಹುಡುಗಿ, ಒಂದು ಕೊಂಕು ಇಲ್ಲ. ಪೆಟ್ಟಿಗೆಯನ್ನು ತಾನೇ ಎತ್ತಿ ಡಿಕ್ಕಿಯಲ್ಲಿಟ್ಟಳು. ಇಸ್ತ್ರಿಯವನು ಭಾನುವಾರವಾದರೂ ಬಂದಿದ್ದ. ಚಿಕ್ಕಮ್ಮ ಕೋಲು ಊರಿಕೊಂಡು ಅಂಗಡಿಯ ಬಾಗಿಲವರೆಗೆ ಬಂದಳು. ಹೊಸ್ತಿಲಿನ ಹತ್ತಿರ ನಿಂತು, ಹೋಗಿ ಬರಲಾ ಎಂದಳು.

ಹೂಂ ಎನ್ನಬೇಕು ಎಂದುಕೊಂಡೇ ಬಾಯಿ ತೆರೆದೆ.

"ಹೋಗ್ಬೇಡ" ಎಂದೆ.

ಅಕ್ಕನ ಮಗಳು ಕಾರಿನ ಬಾಗಿಲು ಹಿಡಿದುಕೊಂಡು ಹಾಗೇ ನಿಂತಳು. ಚಿಕ್ಕಮ್ಮ ನನ್ನ ಮುಖವನ್ನೇ ನೋಡಿದಳು.

"ಯಾಕೆ?"

ಮಂಡಿ ಎನ್ನಬಹುದಿತ್ತು. ಹಿಂದಿನ ಕೋಣೆಯಲ್ಲಿ ಮೆಟ್ಟಿಲಿಲ್ಲ ಎನ್ನಬಹುದಿತ್ತು. ಅಮ್ಮ ಎನ್ನಬಹುದಿತ್ತೋ ಏನೋ, ಅದು ಇವಳಿಗೆ ಹೇಳಿದ ಹಾಗಾಗುತ್ತದೋ, ಫೋಟೋದಲ್ಲಿ ಕುರ್ಚಿಯ ಮೇಲೆ ಕುಳಿತ ಅವಳಿಗೋ, ನನಗೇ ಗೊತ್ತಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು, ನಾಚಿಕೆಯೂ ಆಗಲಿಲ್ಲ.

"ಗೊತ್ತಿಲ್ಲ" ಎಂದೆ.

ಚಿಕ್ಕಮ್ಮ ಅಕ್ಕನ ಮಗಳ ಕಡೆ ತಿರುಗಿ ಪೆಟ್ಟಿಗೆ ಇಳಿಸು ಎಂದು ಕೈಸನ್ನೆ ಮಾಡಿದಳು.

"ಗೊತ್ತಾದ ಮೇಲೆ ಹೇಳು. ಅಲ್ಲೀವರೆಗೂ ಇರ್ತೀನಿ."

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಹಾಲು ಕೊಡಲು ಹೋದಾಗ, ಗೊತ್ತಾಯಿತಾ ಎಂದು ಕೇಳಿದಳು.

ಇನ್ನೂ ಇಲ್ಲ ಎಂದೆ.